ವರ್ಷದ ಬೆಳ್ಳಿ ಕಡಗ

ಹದಿನಾರು ವರ್ಷ ಒಂದೇ ಗಿರಣಿಯಲ್ಲಿ ಗುಮಾಸ್ತನಾಗಿ ದುಡಿದ ಪರಮೇಶಪ್ಪನಿಗೆ ಸಿಕ್ಕಿದ್ದು ಹದಿನಾರು ರುಮಾಲು. ಶಿಗ್ಗಾಂವಿಯ ಹೊರಗಿದ್ದ ಆ ಹತ್ತಿ ಗಿರಣಿಯ ಸಾವುಕಾರರು ಬಸವಣ್ಣೆಪ್ಪನವರು. ಹಂಗಾಮು ಮುಗಿಯುವ ಹೊತ್ತಿಗೆ ಅವರು ಅಂಗಳದಲ್ಲಿ ಜಮಖಾನೆ ಹಾಸಿಸಿ, ಗಂಡಸರಿಗೆಲ್ಲ ರುಮಾಲು, ಹೆಂಗಸರಿಗೆಲ್ಲ ಕುಬಸದ ಖಣ ಕೊಡುತ್ತಿದ್ದರು. ಆಮೇಲೆ ಒಬ್ಬನೇ ಒಬ್ಬನನ್ನು ಹೆಸರು ಹಿಡಿದು ಕರೆದು, ಎಲ್ಲರೆದುರು ಅವನ ಕೈಗೆ ಬೆಳ್ಳಿ ಕಡಗ ತೊಡಿಸುತ್ತಿದ್ದರು.

ಒಂದು ವರ್ಷ ಬಾವಿಗೆ ಬಿದ್ದ ಕೂಸನ್ನು ಎತ್ತಿದ ಬೀರಪ್ಪನಿಗೆ ಕಡಗ ಸಿಕ್ಕಿತು. ಇನ್ನೊಂದು ವರ್ಷ, ಯಂತ್ರದ ಪಟ್ಟೆಗೆ ಸೆರಗು ಸಿಕ್ಕ ಸಿದ್ದವ್ವನನ್ನು ಉಳಿಸಿದ ಲಕ್ಕಪ್ಪನಿಗೆ. ಅದಕ್ಕೆ ಪರಮೇಶಪ್ಪನ ತಕರಾರಿರಲಿಲ್ಲ. ಹೋದ ವರ್ಷ, ಅಂದರೆ ೧೯೩೭ರಲ್ಲಿ, ಅದು ಕರಿಬಸಪ್ಪನ ಪಾಲಾಯಿತು. ನೌಕರಿಗೆ ಬಂದು ಮೂರು ವರ್ಷವೂ ತುಂಬದ ಹುಡುಗ. ಯಂತ್ರಕ್ಕೆ ಎಣ್ಣೆ ಬಿಡುವುದು ಅವನ ಕೆಲಸ, ಅದನ್ನು ಮರೆತ. ಯಂತ್ರ ಕಾದು ಕಿಡಿ ಹಾರಿತು. ಆ ಕಿಡಿಯನ್ನು ಅವನೇ ಗೋಣಿ ಬಡಿದು ಆರಿಸಿದ. ಸಾವುಕಾರರು ಅವನ ಬೆನ್ನು ತಟ್ಟಿದರು. ಪರಮೇಶಪ್ಪನ ಸುಪರ್ದಿನಲ್ಲಿದ್ದ, ಹತ್ತಿ ತುಂಬಿಡುವ ಕೋಠಿಗಳಲ್ಲಿ ಹದಿನಾರು ವರ್ಷ ಒಂದು ಹಿಡಿ ಹತ್ತಿಯೂ ಕೆಟ್ಟಿರಲಿಲ್ಲ, ಸುಟ್ಟಿರಲಿಲ್ಲ, ಇಲಿ ಕಡಿದಿರಲಿಲ್ಲ. ಆದರೆ ಏನೂ ಆಗದಿದ್ದ ಜಾಗದಲ್ಲಿ ಯಾರ ಬೆನ್ನು ತಟ್ಟುವುದು?

ಈ ವರ್ಷ ಮಾತು ಕಡಗಕ್ಕೇ ನಿಂತಿರಲಿಲ್ಲ. ಹಿರಿಯ ಗುಮಾಸ್ತರು ಹಂಗಾಮು ಮುಗಿದ ಕೂಡಲೇ ನೌಕರಿ ಬಿಟ್ಟು ಊರಿಗೆ ಹೋಗುವವರಿದ್ದರು. ಅವರ ಜಾಗವನ್ನೂ ಗಿರಣಿಯ ಪಕ್ಕದ ಹೆಂಚಿನ ಮನೆಯನ್ನೂ ಕಡಗದವನಿಗೇ ಕೊಡುವುದಾಗಿ ಸಾವುಕಾರರು ಹೇಳಿಬಿಟ್ಟಿದ್ದರು. ಬೇರೆ ಯಾರೂ ಏನೂ ಸಾಹಸ ಮಾಡದಿದ್ದರೆ ಎರಡನೆಯ ಸಲವೂ ಕರಿಬಸಪ್ಪನಿಗೇ ಎಂದು ಗಿರಣಿಯ ತುಂಬ ಗುಸುಗುಸು ಇತ್ತು. ಆ ಸುದ್ದಿ ಪರಮೇಶಪ್ಪನ ಬಾಡಿಗೆ ಕೋಣೆಗೂ ಬಂತು. ಹೆಂಡತಿ ಅನ್ನವ್ವ ರೊಟ್ಟಿ ಬಡಿಯುತ್ತ, ಮುಖ ಎತ್ತದೆ ಒಂದೇ ಮಾತು ಅಂದಳು.

"ಹಂಗಾರ ಇನ್ನ ಮ್ಯಾಲೆ ಆ ಹುಡುಗನ ಮುಂದ ನಿಂತು ಹೂಂರಿ, ಹೂಂರಿ ಅನ್ನಬೇಕಲ್ರಿ ನೀವು."

ಅವನು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಅವಮಾನದಿಂದ ಕಿವಿ ಬಿಸಿಯಾದವು. ಕೈ ತೊಳೆಯುವಷ್ಟರಲ್ಲಿ ಅವನು ನಿರ್ಧಾರ ಮಾಡಿಯಾಗಿತ್ತು. ಸಾವುಕಾರರಿಗೆ ಬೆಂಕಿ ಆರಿಸುವವನು ಬೇಕಲ್ಲವೇ? ಆರಿಸಿ ತೋರಿಸೋಣ.

ಅವಸರ ಅವನ ಸ್ವಭಾವದಲ್ಲೇ ಇರಲಿಲ್ಲ. ಎರಡು ವಾರ ಅಳೆದು ಸುರಿದು ಯೋಚಿಸಿದ. ಮೊದಲು ಜಾಗ. ದೊಡ್ಡ ಕೋಠಿಗಳಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ತಗಡಿನ ಕೋಣೆಯಿತ್ತು. ಯಂತ್ರ ಉಗುಳಿದ ಕಸಹತ್ತಿಯನ್ನು ಅಲ್ಲಿ ರಾಶಿ ಹಾಕುತ್ತಿದ್ದರು. ಸುಟ್ಟರೂ ಯಾರ ಹೊಟ್ಟೆಯೂ ಉರಿಯದ ಮಾಲು. ಆದರೆ ಗಾಳಿ ತಿರುಗಿದರೆ ಕೋಠಿಗಳಿಗೇ ಅಪಾಯ ಎಂದು ಕೂಸಿಗೂ ತಿಳಿಯುವಂತಿತ್ತು.

ಆಮೇಲೆ ಕಾರಣ. ವಿಮಾ ಕಂಪನಿಯ ಸಾಹೇಬರು ಹಿಂದೊಮ್ಮೆ ಬಂದಾಗ, ಯಂತ್ರ ಒರೆಸಿದ ಎಣ್ಣೆಚಿಂದಿಯನ್ನು ಗುಡ್ಡೆ ಹಾಕಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ ಎಂದು ಎಲ್ಲರಿಗೂ ಎಚ್ಚರಿಕೆ ಕೊಟ್ಟಿದ್ದರು. ಚಿಂದಿಯೇ ಅಪರಾಧಿಯಾದರೆ ಯಾವ ಬಡವನ ಮೇಲೂ ಆರೋಪ ಬರುವುದಿಲ್ಲ. ಈ ಯೋಚನೆ ಬಂದಾಗ ಪರಮೇಶಪ್ಪನಿಗೆ ತನ್ನ ಬಗ್ಗೆ ಗೌರವವೇ ಹೆಚ್ಚಾಯಿತು.

ದಿನ ಆರಿಸುವುದು ಸುಲಭವಾಗಿತ್ತು. ಸೋಮವಾರ ಈ ಸೀಮೆಯಲ್ಲಿ ಯಾರೂ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಹಿರೇಬೆಂಡಿಗೇರಿಯಿಂದಾಗಲಿ ಹುಲಗೂರಿನಿಂದಾಗಲಿ ಅಂದು ಒಂದು ಬಂಡಿಯೂ ಬರುತ್ತಿರಲಿಲ್ಲ. ಗಿರಣಿ ನಿಲ್ಲಿಸಿ, ಯಂತ್ರ ಒರೆಸಿ, ಆಳುಗಳು ಮಧ್ಯಾಹ್ನಕ್ಕೇ ಮನೆಗೆ ಹೋಗುತ್ತಿದ್ದರು. ಉಳಿಯುವವರು ಇಬ್ಬರೇ, ಕಚೇರಿಯಲ್ಲಿ ಪರಮೇಶಪ್ಪ ಮತ್ತು ಬಾಗಿಲು ಕಾಯುವ ಜಮಾಲಸಾಬ. ಜಮಾಲಸಾಬನೂ ಒಂದು ಗಂಟೆಗೆ ಊಟಕ್ಕೆ ಹೋದರೆ ಎರಡಕ್ಕೇ ತಿರುಗಿ ಬರುವವನು. ಅವನು ಬಂದ ಮೇಲೆ ಹೊತ್ತಿಸಬೇಕು. ಸಾಕ್ಷಿಯಿಲ್ಲದ ಸಾಹಸ ಯಾವ ಸಾಹಸ?

ಕೊನೆಯದು ನೀರು. ತಗಡಿನ ಕೋಣೆಯ ಗೋಡೆಗೆ ತಾಗಿ ಮೂರು ದೊಡ್ಡ ಪೀಪಾಯಿಗಳಿದ್ದವು. ಗಿರಣಿಯ ಹಿಂದಿನ ಬಾವಿಯಿಂದ ಗುದ್ಲೆಪ್ಪ ಎಂಬ ಆಳು ಅವಕ್ಕೆ ನೀರು ಬಿಡುತ್ತಿದ್ದ. ಪರಮೇಶಪ್ಪ ಬುಧವಾರ ನೋಡಿದ, ಶುಕ್ರವಾರ ನೋಡಿದ, ಶನಿವಾರವೂ ನೋಡಿದ. ಮೂರೂ ತುಂಬಿ ತುಳುಕುತ್ತಿದ್ದವು. ಎರಡು ಪೀಪಾಯಿ ಖರ್ಚಾಗುವಷ್ಟೇ ಕಸಹತ್ತಿಯನ್ನು ಬಾಗಿಲ ಬಳಿ ಎಳೆದಿಟ್ಟ. ಒಂದು ಪೀಪಾಯಿ ಹೆಚ್ಚಿಗೆ ಇರಲಿ.

ಸೋಮವಾರ ಒಂದು ಗಂಟೆಗೆ ಜಮಾಲಸಾಬ ಊಟಕ್ಕೆ ಹೊರಟ. ಎಲ್ಲವನ್ನೂ ಕೊನೆಯದಾಗಿ ನೋಡಿಕೊಳ್ಳಲೆಂದು ತಗಡಿನ ಕೋಣೆಗೆ ಹೋದ ಪರಮೇಶಪ್ಪ ಅಲ್ಲೇ ನಿಂತುಬಿಟ್ಟ. ಮೂರು ಪೀಪಾಯಿಗಳೂ ಬೋರಲು ಬಿದ್ದಿದ್ದವು. ಒಳಗೆ ಹನಿ ನೀರಿಲ್ಲ.

ಗುದ್ಲೆಪ್ಪನ ಸೋಮಾರಿತನಕ್ಕೆ ಹಲ್ಲು ಕಡಿದ. ಮುಂದಿನ ಸೋಮವಾರಕ್ಕೆ ಬಿಡುವಂತಿರಲಿಲ್ಲ, ಬರುವ ಗುರುವಾರವೇ ಕಡಗ. ಅಂಗಳದಲ್ಲಿ ಕುಡಿಯುವ ನೀರಿನ ಸೇದುಬಾವಿಯಿತ್ತು. ಅಂಗಿ ಕಳಚಿಟ್ಟು, ಪೀಪಾಯಿಗಳನ್ನು ಎತ್ತಿ ನಿಲ್ಲಿಸಿ, ಕೊಡ ಇಳಿಬಿಟ್ಟ. ಬರೆಯುವ ಕೈಗೆ ಹಗ್ಗದ ಅಭ್ಯಾಸವಿಲ್ಲ. ಇಪ್ಪತ್ತು ಕೊಡಕ್ಕೆ ಅಂಗೈ ಕೆಂಪಾಯಿತು, ಮೂವತ್ತಕ್ಕೆ ಬೊಬ್ಬೆ ಎದ್ದಿತು. ಕಿವಿ ಮಾತ್ರ ಬಾಗಿಲ ಕಡೆಗೇ ಇತ್ತು. ಎರಡು ಪೀಪಾಯಿ ತುಂಬಿ ಮೂರನೆಯದು ಅರ್ಧವಾಗುವಷ್ಟರಲ್ಲಿ ಎರಡಕ್ಕೆ ಹತ್ತೇ ನಿಮಿಷ ಉಳಿದಿತ್ತು. ಬೆವರು ಒರೆಸಿ, ಅಂಗಿ ತೊಟ್ಟು, ಕಚೇರಿಯಲ್ಲಿ ಕುಳಿತ. ತುಂಬಿದ ಪೀಪಾಯಿಯ ಬಗ್ಗೆ ಯಾರು ಏನು ಕೇಳುತ್ತಾರೆ? ಖಾಲಿ ಇದ್ದರೆ ತಾನೇ ಪ್ರಶ್ನೆ. ಬೊಬ್ಬೆಗಳನ್ನು ಬೆಂಕಿಯ ಲೆಕ್ಕಕ್ಕೆ ಹಾಕಿದರಾಯಿತು.

ಜಮಾಲಸಾಬ ಬಂದು ಬಾಗಿಲಲ್ಲಿ ಕುಳಿತ ಮೇಲೆ ಪರಮೇಶಪ್ಪ ಹಿಂದಿನಿಂದ ಹೋಗಿ, ಕಸಹತ್ತಿಯ ಮೇಲೆ ಗುಡ್ಡೆ ಹಾಕಿಟ್ಟಿದ್ದ ಎಣ್ಣೆಚಿಂದಿಗೆ ಕಡ್ಡಿ ಗೀರಿದ. ಬೆಂಕಿ ಅವನು ಎಣಿಸಿದ್ದಕ್ಕಿಂತ ಬೇಗ ಎದ್ದಿತು. ಕೂಗುವ ಮೊದಲು ನೂರು ಎಣಿಸಬೇಕೆಂದಿದ್ದವನು ನಲವತ್ತಕ್ಕೇ ಕೂಗಿಕೊಂಡ. ಮೊದಲ ಪೀಪಾಯಿ ಮುಗಿದಾಗ ಉರಿ ತಗಡಿಗೆ ಮುಟ್ಟಿತ್ತು. ಎರಡನೆಯದು ಮುಗಿದಾಗ ಗಾಳಿ ಕೋಠಿಗಳ ಕಡೆಗೆ ತಿರುಗಿತು, ಒಂದು ಕಿಡಿ ಹಾರಿ ಹೋಗಿ ಅಲ್ಲಿಯ ಗೋಡೆಗೆ ಬಡಿಯಿತು. ಆಗ ಪರಮೇಶಪ್ಪ ನಾಟಕ ಮರೆತ. ತಾನು ಹದಿನಾರು ವರ್ಷ ಕಾಯ್ದ ಹತ್ತಿ ಆ ಕೋಠಿಗಳೊಳಗಿತ್ತು. ಅಳುತ್ತಲೇ ನೀರು ಎರಚಿದ. ಕೂಗು ತಡವಾಗಿ ಕೇಳಿ ಓಡಿ ಬಂದ ಜಮಾಲಸಾಬನಿಗೆ ಕಂಡಿದ್ದು ಆ ಅಳುವ ಮುಖ, ಎಡಗೈಯ ಸುಟ್ಟ ಗಾಯ, ಮೂರನೆಯ ಪೀಪಾಯಿಯ ತಳದ ನೀರಿಗೆ ಆರುತ್ತಿದ್ದ ಕೊನೆಯ ಉರಿ.

ಗುರುವಾರ ಜಮಖಾನೆ ಹಾಸಿದರು. ವಿಮಾ ಸಾಹೇಬರೂ ಬಂದು ಸಾವುಕಾರರ ಪಕ್ಕದಲ್ಲಿ ಕುಳಿತಿದ್ದರು. ಚಿಂದಿಯೇ ಕಾರಣವೆಂದು ಅವರು ಆಗಲೇ ಬರೆದುಕೊಂಡಾಗಿತ್ತು. ರುಮಾಲು, ಖಣ ಹಂಚಿಯಾಯಿತು. ಜಮಾಲಸಾಬ ತಾನು ಕಂಡದ್ದನ್ನು ಇನ್ನಷ್ಟು ಉಪ್ಪು ಖಾರ ಹಚ್ಚಿ ಹೇಳಿದ. ಕರಿಬಸಪ್ಪ ತಲೆ ತಗ್ಗಿಸಿ ಕುಳಿತಿದ್ದ. ಬಸವಣ್ಣೆಪ್ಪನವರು ತಾವೇ ಎದ್ದು ಪರಮೇಶಪ್ಪನ ಬಲಗೈಗೆ ಕಡಗ ತೊಡಿಸಿ, ಹೆಂಚಿನ ಮನೆಯ ಬೀಗದ ಕೈ ಕೊಟ್ಟರು. ಹೆಂಗಸರ ನಡುವೆ ಕುಳಿತಿದ್ದ ಅನ್ನವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಅದನ್ನು ಕಂಡು ಅವನ ಹೃದಯ ತುಂಬಿ ಬಂತು. ದೊಡ್ಡವರು ಗೆದ್ದಾಗ ವಿನಯ ತೋರಿಸುವುದನ್ನು ಅವನು ಹದಿನಾರು ವರ್ಷ ನೋಡಿದ್ದ. ತಾನೂ ಕೈ ಮುಗಿದ.

"ನಂದೇನೂ ಇಲ್ರಿ ಸಾವ್ಕಾರ್ರ. ಪೀಪಾಯಿ ತುಂಬಿದ್ವು, ನಾ ಬರೇ ಸುರುವಿದೆ."

ಸಾವುಕಾರರಿಗೆ ಈ ಮಾತು ಬಹಳ ಹಿಡಿಸಿತು. ಹಾಗಾದರೆ ನೀರು ತುಂಬಿಟ್ಟವನ ಋಣವೂ ಗಿರಣಿಯ ಮೇಲಿದೆ, ಈ ವರ್ಷ ಕಡಗ ಎರಡು ಎಂದು ಹೇಳಿ ಗುದ್ಲೆಪ್ಪನನ್ನು ಕರೆದರು. ಹಿಂದಿನ ಸಾಲಿನಿಂದ ಎದ್ದು ಬಂದ ಗುದ್ಲೆಪ್ಪ ಕೈ ಮುಂದೆ ಚಾಚಲಿಲ್ಲ. ತನಗೆ ಬೇಡವೆಂದು ತಲೆಯಾಡಿಸಿದ. ಸಂಕೋಚವೆಂದು ಎಲ್ಲರೂ ನಕ್ಕರು. ಪರಮೇಶಪ್ಪನೂ ನಕ್ಕು, ಔದಾರ್ಯದಿಂದ ಅವನ ಹೆಗಲ ಮೇಲೆ ಕೈಯಿಟ್ಟ.

"ತೊಗೋ ಗುದ್ಲೆಪ್ಪ. ನಾ ಹೋದಾಗ ಎರಡು ಪೀಪಾಯಿ ತುಂಬಿದ್ವು, ಒಂದು ಅರ್ಧ ಇತ್ತು. ನೀ ತುಂಬಿದ ನೀರ ಅಲ್ಲೇನು?"

"ನಾ ತುಂಬಿಲ್ರಿ," ಎಂದ ಗುದ್ಲೆಪ್ಪ. "ಬಾವ್ಯಾಗಿಂದ ನೀರು ಎಳೆಯೋವು ಎತ್ತು ಅಲ್ಲೇನ್ರಿ? ಸೋಮವಾರ ಅವಕ್ಕೂ ನೊಗಾ ಹಚ್ಚಂಗಿಲ್ಲ. ಅದಕ್ಕ ವಾರಾ ವಾರಾ ಹಿಂದಿನ ದಿನಾ, ಐತವಾರ ಸಂಜೀಕ ಪೀಪಾಯಿ ಬರಿದು ಮಾಡಿ, ತಿಕ್ಕಿ ತೊಳದು, ಬೋರಲ ಹಾಕಿ ಹೋಗ್ತೇನಿ. ಈ ಸಲನೂ ಹಾಕೇ ಹೋಗೇನಿ. ಮಾಡದ ಕೆಲಸಕ್ಕ ಕಡಗಾ ಹೆಂಗ ತೊಗೊಳ್ಳಲಿ?" ಅಂಗಳದಲ್ಲಿದ್ದ ರೈತರ ಮನೆಯ ಆಳುಗಳೆಲ್ಲ ಹೌದೆಂದು ತಲೆಯಾಡಿಸಿದರು, ಅದರಲ್ಲಿ ಅವರಿಗೆ ಹೊಸದೇನೂ ಇರಲಿಲ್ಲ. ಬಸವಣ್ಣೆಪ್ಪನವರು ಎರಡನೆಯ ಕಡಗವನ್ನು ತಟ್ಟೆಗೆ ಹಾಕಿ, ಪರಮೇಶಪ್ಪನ ಬಲ ಅಂಗೈಯನ್ನು ಹಿಡಿದು ತಿರುಗಿಸಿ, ಹಗ್ಗ ಎಳೆದ ಬೊಬ್ಬೆಗಳನ್ನು ಬಹಳ ಹೊತ್ತು ನೋಡಿದರು. ಬೆಂಕಿ ಬೀಳುವುದಕ್ಕಿಂತ ಮೊದಲೇ ಯಾಕೆ ನೀರು ಸೇದಿದೆ ಎಂದು ಮೆಲ್ಲಗೆ ಕೇಳಿದರು. ವಿಮಾ ಸಾಹೇಬರು ಚಿಂದಿಯೇ ಕಾರಣವೆಂದು ತಾವು ಬರೆದಿದ್ದ ಕಾಗದವನ್ನು ಮತ್ತೆ ಹೊರಗೆ ತೆಗೆದರು.