ಪಾತ್ರೆಯಿಲ್ಲದ ಮುಚ್ಚಳ

ಬಹಳ ಬಹಳ ಹಿಂದೆ, ಯಾವ ಸೈನ್ಯಕ್ಕೂ ದಾರಿ ಗೊತ್ತಿಲ್ಲದ ಒಂದು ಜಾಗದಲ್ಲಿ ನೆಲೆನಾಡು ಎಂಬ ರಾಜ್ಯವಿತ್ತು. ಊರು ಬಿಟ್ಟು ಓಡಿಬಂದ ಮಕ್ಕಳಿಗೆ ಮಾತ್ರ ಅದರ ದಾರಿ ಕಾಣುತ್ತಿತ್ತು. ಅದು ಹೇಗೆಂದರೆ, ಓಡಿ ಓಡಿ ಇನ್ನು ಕಾಲು ಎತ್ತಲಾರೆ ಎಂದು ಕೂತವರ ಸುತ್ತ ಒಂದು ಮಂಜು ಕವಿಯುತ್ತಿತ್ತು. ಆ ಮಂಜಿನೊಳಗೆ ಕಾಲಕ್ಕೂ ಕಾಲಕ್ಕೂ ನಡುವೆ ಗೋಡೆ ಇರಲಿಲ್ಲ. ನಾನೂರು ವರ್ಷದ ಹಿಂದೆ ಓಡಿದವರೂ ನಿನ್ನೆ ಓಡಿದವರೂ, ಮಂಜು ಹರಿದಾಗ ಒಂದೇ ಬಾಗಿಲಿನ ಎದುರು ನಿಂತಿರುತ್ತಿದ್ದರು.

ಆ ಬಾಗಿಲು ಒಂದು ಯಾಳಿಯ ಬಾಯಿ. ಯಾಳಿ ಎಂದರೆ ಸಿಂಹದ ಮೈ, ಆನೆಯ ಸೊಂಡಿಲು ಇರುವ ಪ್ರಾಣಿ. ದೇವಸ್ಥಾನದ ಕಂಬಗಳಲ್ಲಿ ಕೆತ್ತಿರುತ್ತಾರಲ್ಲ, ಅದು. ಈ ಯಾಳಿಯೂ ಕಲ್ಲಿನದೇ, ಆದರೆ ಇದಕ್ಕೆ ಜೀವವಿತ್ತು. ಅದು ಬಂದವರನ್ನು ಮೂಸಿ ನೋಡಿ ಬಾಯಿ ತೆರೆದರೆ ಒಳಗೆ ಹೋಗಬಹುದಾಗಿತ್ತು.

ಒಂದು ಬೆಳಗ್ಗೆ ಆ ಬಾಗಿಲಿಗೆ ನಾಲ್ವರು ಬಂದರು.

ಮೊದಲನೆಯವಳು ಬೊಮ್ಮಕ್ಕ. ಹದಿನೈದು ವರ್ಷ. ವಿಜಯನಗರದವಳು. ಯುದ್ಧ ಸೋತ ಸುದ್ದಿ ಬಂದು, ಪಟ್ಟಣ ಬರಿದಾಗುತ್ತಿದ್ದ ದಿನ ಓಡಿಬಂದವಳು. ಎರಡನೆಯವನು ಸೂರಯ್ಯ, ಹದಿಮೂರರವನು. ತೆಲುಗು ಸೀಮೆಯಿಂದ ಕೂಲಿಗೆಂದು ರಂಗೂನಿಗೆ ಹೋಗಿದ್ದ ಮನೆತನದವನು. ಆಕಾಶದಿಂದ ಬಾಂಬು ಬಿದ್ದಾಗ ಕಾಡು ಹಿಡಿದು ನಡೆದಿದ್ದ. ಮೂರನೆಯವನು ನೊರ್ಬು, ಹನ್ನೆರಡರವನು. ಟಿಬೆಟ್ಟಿನಿಂದ ಹಿಮದ ಬೆಟ್ಟ ದಾಟಿ ಬಂದಿದ್ದ. ನಾಲ್ಕನೆಯವನು ಮಂದಾರ, ಹದಿನೇಳರವನು. ಕಡಲ್ಗಳ್ಳರು ತನ್ನ ದ್ವೀಪವನ್ನು ಸುಟ್ಟರು ಎಂದು ಅವನು ಹೇಳಿದ. ಎಲ್ಲರ ಹತ್ತಿರವೂ ಒಂದೊಂದು ಗಂಟು ಇತ್ತು. ಬಾಗಿಲ ಬದಿಯ ಕಲ್ಲುದೊಣೆಯ ನೀರು ಕುಡಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿತ್ತು. ನಾಲ್ವರೂ ಕುಡಿದರು.

ಯಾಳಿ ಸೊಂಡಿಲು ಚಾಚಿ ಮೂಸಿತು. ಬಾಯಿ ತೆರೆಯಲಿಲ್ಲ.

"ನಿಮ್ಮಲ್ಲಿ ಒಬ್ಬ ಬೂದಿಮಲ್ಲ," ಎಂದಿತು.

ಬೂದಿಮಲ್ಲ ಯಾರ ರೂಪ ಬೇಕಾದರೂ ತಾಳಬಲ್ಲ ಒಬ್ಬ ಮಾಂತ್ರಿಕ. ಅವನು ಕಾಲಿಟ್ಟ ಮನೆಯಲ್ಲಿ ಒಲೆ ಆರಿ ಸೂರು ಹೊತ್ತಿಕೊಳ್ಳುತ್ತಿತ್ತು. ನೆಲೆನಾಡಿನ ನಡುವೆ ಒಂದು ದೊಡ್ಡ ಒಲೆ ಇತ್ತು. ಅದರ ಹೊಗೆಯೇ ಹೊರಗಿನ ಮಂಜು. ಆ ಒಲೆ ಆರಿದರೆ ಮಂಜು ಹೋಗುತ್ತದೆ, ಮಂಜು ಹೋದರೆ ಎಲ್ಲ ಸೈನ್ಯಗಳಿಗೂ ದಾರಿ ಕಾಣುತ್ತದೆ. ಅದಕ್ಕೇ ಅವನು ಒಳಗೆ ನುಗ್ಗಲು ಕಾಯುತ್ತಿದ್ದ.

"ನನಗೆ ವಾಸನೆ ಗೊತ್ತಾಗುತ್ತದೆ, ಯಾರದು ಎಂದು ಗೊತ್ತಾಗುವುದಿಲ್ಲ," ಎಂದಿತು ಯಾಳಿ. "ನೀವೆಲ್ಲ ಹೊಗೆ ನಾರುತ್ತಿದ್ದೀರಿ. ಮೂರು ದಿನ ಕೊಡುತ್ತೇನೆ. ಮೂವರು ಕೈ ಎತ್ತಿ ಒಬ್ಬರನ್ನು ತೋರಿಸಬೇಕು. ತಪ್ಪು ತೋರಿಸಿದರೆ, ತೋರಿಸಿಕೊಂಡವರು ಓಡಿಬಂದ ಗಳಿಗೆಗೇ ವಾಪಸು ಹೋಗುತ್ತಾರೆ. ಬೂದಿಮಲ್ಲ ಒಳಗೆ ಬರುತ್ತಾನೆ. ಯಾರನ್ನೂ ತೋರಿಸದಿದ್ದರೆ ಮೂರನೆಯ ಸಂಜೆ ನಾಲ್ವರೂ ವಾಪಸು."

ವಾಪಸು ಎಂದ ಕೂಡಲೇ ಮೂವರೂ ಬಾಗಿಲ ಹತ್ತಿರ ಸರಿದರು. ಮಂದಾರನೂ ಸರಿದ. ಹಾಗಾಗಿ ಅದರಿಂದ ಏನೂ ಗೊತ್ತಾಗಲಿಲ್ಲ.

ಬಾಗಿಲ ಹೊರಗೆ ಒಂದು ಜಗಲಿ. ಅಲ್ಲಿ ಬಂದವರಿಗೆ ಅಡುಗೆ ಮಾಡಿ ಬಡಿಸುವ ಹೊನ್ನಜ್ಜಿ ಇದ್ದಳು. ನಾಲ್ವರೂ ನಾಲ್ಕು ಮೂಲೆ ಹಿಡಿದು ಕೂತರು. ಬೆನ್ನು ಗೋಡೆಗೆ, ಕಣ್ಣು ಉಳಿದ ಮೂವರ ಮೇಲೆ.

"ನೀನು ಎಲ್ಲಿಯವಳು ಅಂದೆ? ವಿಜಯನಗರವಾ?" ಎಂದು ಸೂರಯ್ಯ ಕೇಳಿದ. "ಅದು ಹಾಳಾಗಿ ನಾನೂರು ವರ್ಷ ಆಯ್ತು. ಇಸ್ಕೂಲಲ್ಲಿ ಓದಿದೀನಿ. ನಿನಗೆ ನಾನೂರು ವರ್ಷನಾ ಅಜ್ಜಿ?"

"ಹಾಳಾಗಿದ್ದು ಮೊನ್ನೆ! ನನ್ನ ಕಣ್ಣೆದುರಿಗೆ," ಎಂದಳು ಬೊಮ್ಮಕ್ಕ. "ನೀನೋ? ಕಬ್ಬಿಣದ ಹಕ್ಕಿ ಬಂದು ಬೆಂಕಿ ಮೊಟ್ಟೆ ಇಟ್ಟಿತಂತೆ! ಸುಳ್ಳು ಹೇಳಿದರೂ ನಂಬೋ ಹಾಗೆ ಹೇಳಬೇಕಪ್ಪ."

ಮಂದಾರ ಮಾತ್ರ ಜಗಳಕ್ಕೆ ಬರಲಿಲ್ಲ. ಅವನು ತನ್ನ ಕತೆಯನ್ನು ಮೊದಲಿನಿಂದ ಕೊನೆಯವರೆಗೆ, ಎಲ್ಲೂ ತಡವರಿಸದೆ ಹೇಳಿದ. ಅಳಬೇಕಾದಲ್ಲಿ ಅತ್ತ. ಕೇಳಿದವರ ಕಣ್ಣಲ್ಲೂ ನೀರು ಬಂತು.

ಆ ಮಧ್ಯಾಹ್ನ ಹೊನ್ನಜ್ಜಿ ಮುದ್ದೆ, ಸಾರು ಬಡಿಸಿದಳು. ಊಟವಾದ ಮೇಲೆ ಮಂದಾರ ಪಿಸುಗುಟ್ಟಿದ: "ಸೂರಯ್ಯನ ಅಂಗಿ ನೋಡಿ. ಅರ್ಧ ಮುದ್ದೆ ಒಳಗೆ ಹಾಕಿಕೊಂಡ. ಕದಿಯುವವನು ಎಂಥವನು? ಅವನ ಗಂಟಿನಲ್ಲಿ ಏನೋ ಕಣಕಣ ಅನ್ನುತ್ತೆ ಬೇರೆ."

ಮಂದಾರ ಕೈ ಎತ್ತಿದ. ಬೊಮ್ಮಕ್ಕನೂ ಎತ್ತಿದಳು. ನೊರ್ಬು ಎತ್ತಲಿಲ್ಲ. ಏಕೆಂದರೆ ಅವನ ಅಂಗಿಯೊಳಗೂ ಅರ್ಧ ಮುದ್ದೆ ಇತ್ತು. ಅದನ್ನು ಅವನು ಹೇಳಲಿಲ್ಲ. ಹೇಳಿದ್ದರೆ ಅವನ ಮೇಲೂ ಅನುಮಾನ ಬರುತ್ತಿತ್ತು.

ಎರಡನೆಯ ದಿನ ಮಂದಾರ ಮತ್ತೆ ಪಿಸುಗುಟ್ಟಿದ: "ನೊರ್ಬು ನಿನ್ನೆ ತಂಗಿ ಇದ್ದಾಳೆ ಅಂದ. ಇವತ್ತು ತಂಗಿ ಇಲ್ಲ ಅಂದ. ನಿಜ ಎರಡು ಥರ ಇರುತ್ತಾ? ಅವನ ಗಂಟಿನಲ್ಲಿ ಒಂದು ಗಂಟೆ ಇದೆ. ಸದ್ದಾಗದ ಹಾಗೆ ಉಣ್ಣೆ ತುರುಕಿದ್ದಾನೆ. ಯಾರಿಗೆ ಸನ್ನೆ ಮಾಡಲಿಕ್ಕೆ?"

"ಲೋ ನೊರ್ಬು, ತಂಗಿ ಇದಾಳೋ ಇಲ್ವೋ?" ಎಂದು ಸೂರಯ್ಯ ಗದರಿದ.

"ಒಂದೊಂದು ದಿನ ಇದ್ದಾಳೆ," ಎಂದ ನೊರ್ಬು. "ಒಂದೊಂದು ದಿನ ನೆನಪಾಗುತ್ತೆ, ಹಿಮದಲ್ಲೇ ಕೂತುಬಿಟ್ಟಳು ಅಂತ."

ಸೂರಯ್ಯ ಆಗಲೇ ಕೈ ಎತ್ತಿದ್ದ. ಮಂದಾರನೂ ಎತ್ತಿದ್ದ. ಬೊಮ್ಮಕ್ಕ ಎತ್ತಲಿಲ್ಲ. ಆ ಬೆಳಗ್ಗೆ ಎದ್ದ ಕೂಡಲೇ ಅವಳೂ "ಅವ್ವಾ, ನೀರು ಕಾದಿದೆಯಾ?" ಎಂದು ಕೂಗಿದ್ದಳು. ಅವ್ವ ಇಲ್ಲ ಎಂಬುದು ಅವಳಿಗೆ ಆಮೇಲೆ ನೆನಪಾಗಿತ್ತು.

ಮೂರನೆಯ ದಿನ ಬಂತು. ಬಿಸಿಲು ಇಳಿಯತೊಡಗಿತು. ಮಂದಾರ ಈ ಸಲ ಪಿಸುಗುಟ್ಟಲಿಲ್ಲ, ಎದ್ದು ನಿಂತು ಹೇಳಿದ.

"ಇನ್ನು ಉಳಿದವಳು ಬೊಮ್ಮಕ್ಕ. ಅವಳ ಗಂಟು ಎತ್ತಿ ನೋಡಿ. ಎರಡು ಕೈಯಲ್ಲಿ ಎತ್ತಿದರೂ ಏಳುವುದಿಲ್ಲ. ಓಡಿಬರುವವಳು ಅಷ್ಟು ಭಾರ ಹೊರುತ್ತಾಳಾ? ಅರಮನೆಯ ಚಿನ್ನ ದೋಚಿದ್ದಾಳೆ. ಅಥವಾ ಅವಳೇ ಬೂದಿಮಲ್ಲ."

ಅವನು ಕೈ ಎತ್ತಿದ. ನೊರ್ಬು ಹೆದರಿ ಹೆದರಿ ಎತ್ತಿದ. ವಾಪಸು ಹೋಗಲು ಅವನಿಗೆ ಇಷ್ಟವಿರಲಿಲ್ಲ. ಸೂರಯ್ಯನ ಕೈ ಭುಜದವರೆಗೆ ಬಂತು. ಯಾಳಿ ಸೊಂಡಿಲು ಎತ್ತಿತು. ಇನ್ನು ನಾಲ್ಕು ಬೆರಳು ಮೇಲೆ ಹೋದರೆ ಬೊಮ್ಮಕ್ಕ ಮತ್ತೆ ಆ ಬೀದಿಯಲ್ಲಿ, ಆ ಕುದುರೆಗಳ ಎದುರು ನಿಂತಿರುತ್ತಿದ್ದಳು.

"ತಡಿ," ಎಂದ ಸೂರಯ್ಯ. "ಬೊಮ್ಮಕ್ಕ, ಮೊದಲು ಗಂಟು ಬಿಚ್ಚು."

"ಬಿಚ್ಚಲ್ಲ."

"ಯಾಕೆ?"

"ನೀವು ನಗ್ತೀರಿ."

ಆದರೆ ಬಿಚ್ಚದೆ ದಾರಿ ಇರಲಿಲ್ಲ. ಅವಳು ಬಿಚ್ಚಿದಳು. ಒಳಗೆ ಬೀಸುವ ಕಲ್ಲಿನ ಮೇಲಿನ ಹೋಳು ಇತ್ತು. ಅದೊಂದೇ. ಬೀಸುವ ಕಲ್ಲಿಗೆ ಎರಡು ಹೋಳು ಇರುತ್ತವೆ. ಒಂದೇ ಇದ್ದರೆ ಒಂದು ಕಾಳೂ ಹಿಟ್ಟಾಗುವುದಿಲ್ಲ.

"ಓಡು ಅಂದರು. ಕೈಗೆ ಸಿಕ್ಕಿದ್ದು ಎತ್ತಿಕೊಂಡೆ," ಎಂದಳು ಬೊಮ್ಮಕ್ಕ, ತಲೆ ಎತ್ತದೆ. "ಹೊಳೆ ದಾಟಿದ ಮೇಲೆ ನೋಡಿದರೆ ಇದು. ಅವ್ವ ದಿನಾ ಹಿಡೀತಿದ್ದ ಗೂಟ ಇದರಲ್ಲಿದೆ. ಬಿಸಾಡಕ್ಕೆ ಆಗಲಿಲ್ಲ."

ಸೂರಯ್ಯ ನಗಲಿಲ್ಲ. ಅವನು ತನ್ನ ಗಂಟನ್ನು ನೆಲದ ಮೇಲೆ ಸುರಿದ. ಒಂದು ಹಿತ್ತಾಳೆಯ ಮುಚ್ಚಳ ಕಣಕಣ ಎಂದು ಉರುಳಿ ಬಿತ್ತು.

"ಅನ್ನದ ಪಾತ್ರೆದು," ಎಂದ. "ಪಾತ್ರೆ ಒಲೆ ಮೇಲೆ ಇತ್ತು. ನಾನು ಮುಚ್ಚಳ ಹಿಡ್ಕೊಂಡು ಓಡಿದೆ. ಅರಣ್ಯದಲ್ಲೆಲ್ಲಾ ಜನ ಕೇಳೋರು, ಪಾತ್ರೆ ಎಲ್ಲೋ ಮಹಾರಾಯ ಅಂತ."

ನೊರ್ಬು ಉಣ್ಣೆ ತುರುಕಿದ ಗಂಟೆಯನ್ನು ತೆಗೆದು ಮುಚ್ಚಳದ ಪಕ್ಕ ಇಟ್ಟ. "ನಮ್ಮ ಬೆಟ್ಟದ ಯಾಕ್ ದನದ ಕರುವಿನದು. ಕರು ಬಿಟ್ಟುಬಂದೆ. ಸದ್ದು ಕೇಳಿದರೆ ಅಳು ಬರುತ್ತೆ, ಅದಕ್ಕೆ ಉಣ್ಣೆ."

ಮೂವರೂ ಒಬ್ಬರನ್ನೊಬ್ಬರು ನೋಡಿದರು. ಮೂರು ದಿನದಲ್ಲಿ ಮೊದಲ ಸಲ ಅನುಮಾನವಿಲ್ಲದೆ ನೋಡಿದರು. ಆಮೇಲೆ ಮೂವರೂ ಮಂದಾರನ ಕಡೆ ತಿರುಗಿದರು.

"ನನಗೇನು ಹೆದರಿಕೆ?" ಎಂದು ಮಂದಾರ ನಕ್ಕು ಗಂಟು ಬಿಚ್ಚಿದ. ಕಂಬಳಿ. ಹಗ್ಗ. ಚಕಮಕಿ ಕಲ್ಲು. ಹುರಿಹಿಟ್ಟು, ಉಪ್ಪು. ಸೂಜಿ, ಸೂಜಿಗೆ ತಕ್ಕ ದಾರ. ಇನ್ನೊಂದು ಜೊತೆ ಚಪ್ಪಲಿ. ಎಲ್ಲ ಇತ್ತು. ಯಾವುದೂ ಒಂಟಿಯಾಗಿರಲಿಲ್ಲ.

"ಇದನ್ನು ಯಾವಾಗ ಕಟ್ಟಿದೆ?" ಎಂದು ಬೊಮ್ಮಕ್ಕ ಕೇಳಿದಳು.

"ಆಗಲೇ ಹೇಳಿದೆನಲ್ಲ, ಬೆಂಕಿ ಬಾಗಿಲಿಗೆ ಬಂದಾಗ."

"ಬಾಗಿಲಲ್ಲಿ ಬೆಂಕಿ ಇಟ್ಕೊಂಡು ಸೂಜಿಗೆ ದಾರ ಹುಡುಕಿದೆಯಾ ಅಣ್ಣ?"

ಮಂದಾರನ ನಗು ನಿಂತಿತು. "ನಾನು ನಿಮ್ಮ ಹಾಗೆ ದಡ್ಡನಲ್ಲ. ಯೋಚನೆ ಮಾಡಿ ಬೇಕಾದ್ದನ್ನು ತಂದೆ!"

"ಅದೇ," ಎಂದಳು ಬೊಮ್ಮಕ್ಕ. "ಇದು ಹೊರಟುಬಂದವನ ಗಂಟು. ಓಡಿಬಂದವನದಲ್ಲ."

ಅವಳು ಕೈ ಎತ್ತಿದಳು. ಸೂರಯ್ಯ ಎತ್ತಿದ. ನೊರ್ಬು ಎರಡೂ ಕೈ ಎತ್ತಿದ.

ಯಾಳಿ ಬಾಯಿ ತೆರೆದು ಉಸಿರೆಳೆದುಕೊಂಡಿತು. ಮಂದಾರನ ಚೆಲುವಾದ ಮುಖ ಮೊದಲು ಉದುರಿತು, ಆಮೇಲೆ ಭುಜ, ಆಮೇಲೆ ಗಂಟು. ಬೂದಿಮಲ್ಲ ಹಿಡಿ ಬೂದಿಯಾದ. ಹೊನ್ನಜ್ಜಿ ಪೊರಕೆ ತಂದು ಅದನ್ನು ಗುಡಿಸಿ, ಪಾತ್ರೆ ಬೆಳಗಲು ಇಟ್ಟುಕೊಂಡಳು. ಅಲ್ಲಿಂದ ಮುಂದೆ ಅವನಿಂದ ಯಾರ ಸೂರೂ ಸುಡಲಿಲ್ಲ.

ಮೂವರೂ ನೆಲೆನಾಡಿನೊಳಗೆ ಹೋದರು. ಅವರ ಮೂರು ಸಾಮಾನುಗಳನ್ನು ನೋಡಿ ಅಲ್ಲಿ ಯಾರೂ ನಗಲಿಲ್ಲ. ಅಲ್ಲಿದ್ದವರೆಲ್ಲ ಹೀಗೆಯೇ ಬಂದವರು. ಕಲ್ಲುಕುಟಿಗ ಬಂದು ಬೊಮ್ಮಕ್ಕನ ಕಲ್ಲಿಗೆ ಕೆಳಗಿನ ಹೋಳು ಕಡಿದುಕೊಟ್ಟ. ನೊರ್ಬುವಿಗೆ ಒಂದು ಕರು ಸಿಕ್ಕಿತು. ಅವನೇ ಉಣ್ಣೆ ತೆಗೆದು ಗಂಟೆ ಕಟ್ಟಿದ. ಊಟಕ್ಕೆ ಕೂತಾಗ ಅವನು ಒಂದೊಂದು ದಿನ ತಂಗಿಗೂ ಎಲೆ ಹಾಕುತ್ತಿದ್ದ. ಆ ದಿನ ಬಡಿಸುವವರು ಆ ಎಲೆಗೂ ಬಡಿಸುತ್ತಿದ್ದರು. ಯಾಕೆ ಎಂದು ಕೇಳುತ್ತಿರಲಿಲ್ಲ.

ಸೂರಯ್ಯನನ್ನು ಹೊನ್ನಜ್ಜಿ ಕಂಚುಗಾರನ ಹತ್ತಿರ ಕರೆದುಕೊಂಡು ಹೋದಳು.

"ಪಾತ್ರೆ ಎಷ್ಟು ದೊಡ್ಡದು ಬೇಕು ಮಗಾ?" ಎಂದು ಕಂಚುಗಾರ ಕೇಳಿದ.

ಸೂರಯ್ಯ ಮುಚ್ಚಳವನ್ನು ಮುಂದೆ ಹಿಡಿದ. ಕಂಚುಗಾರ ಅದರ ಸುತ್ತಳತೆ ತೆಗೆದುಕೊಂಡು, ಒಲೆಯ ಬೆಂಕಿ ಊದಿದ. ಆ ಪಾತ್ರೆಯಲ್ಲಿ ಬೆಂದ ಅನ್ನವನ್ನು ಮೂವರೂ ಹೊಟ್ಟೆ ತುಂಬ ಉಂಡರು. ಆ ದಿನ ಯಾರೂ ಅಂಗಿಯೊಳಗೆ ಏನನ್ನೂ ಬಚ್ಚಿಡಲಿಲ್ಲ. ಹಾಗೆ ಅವರು ಸುಖವಾಗಿದ್ದರು.