ಏಳನೇ ಮೋಟರಿನ ಗೆರೆ

ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ, ಕೆಟ್ಟು ನಿಂತ ಮೋಟರಿನ ಕೊನೆಯ ದಿನದ ಕಂಪನದ ಗ್ರಾಫನ್ನು ಕಂಪ್ಯೂಟರಿಗೆ ಕೊಡುವುದು ನನ್ನ ಕೆಲಸ. ಅದೇ ಆಕಾರ ಇನ್ಯಾವ ಮೋಟರಿನಲ್ಲಿ ಮೂಡುತ್ತಿದೆಯೆಂದು ಅದು ಹುಡುಕುತ್ತದೆ. ಹಾಗೆ ಸಿಕ್ಕ ಮೋಟರು ಮರುದಿನ ನಿಲ್ಲುವುದು ಖಂಡಿತ.

ಒಂದು ಮಧ್ಯಾಹ್ನ, ತೀರಿಹೋದ ನನ್ನ ಮಗಳು ಪಲ್ಲವಿಯ ಕೊನೆಯ ದಿನದ ನಾಡಿಯ ಗ್ರಾಫನ್ನು ಕೊಟ್ಟುಬಿಟ್ಟೆ.

“ಯಾವ ಮೋಟ್ರಕ್ಕಾ ಇದು, ಪಾಪ, ಹಿಂಗೆ ಒದ್ದಾಡ್ತೈತೆ?” ಎಂದ ಜೊತೆಯ ಸಂಗಮೇಶ್.

ಕಂಪ್ಯೂಟರಿಗೆ ಸಿಕ್ಕಿದ್ದು ಒಂದೇ ಮೋಟರು, ಗೋಡೆ ಪಕ್ಕದ ಏಳನೆಯದು. ಹೋಗಿ ಮುಟ್ಟಿದೆ. ಕೊನೆಯ ದಿನದ ಪಲ್ಲವಿಯ ಹಣೆಯ ಹಾಗೆಯೇ ಸುಡುತ್ತಿತ್ತು.

“ಇದನ್ನ ಆಫ್ ಮಾಡ್ಬೇಡ ಕಣೋ,” ಎಂದೆ.

“ಏನಕ್ಕಾ ನೀನು! ವೈರ್ ಕಿತ್ತು ತಿಂಗಳಾಯ್ತಲ್ಲ, ಅದು ಓಡ್ತಾನೇ ಇಲ್ಲ.”

ಮರುದಿನ ಮೂರೂ ಇಪ್ಪತ್ತಕ್ಕೆ, ಪಲ್ಲವಿ ಹೋದ ಹೊತ್ತಿಗೇ, ಪರದೆಯ ಮೇಲೆ ಏಳನೆಯದರ ಗೆರೆ ನನ್ನ ಕಣ್ಣೆದುರೇ ನೇರವಾಗಿ ಮಲಗಿತು. ಇವತ್ತು ಬೆಳಿಗ್ಗೆ ಅದೇ ಗೆರೆ, ಅವಳ ನಾಡಿಯ ಹಾಗೆಯೇ, ಮತ್ತೆ ಮೊದಲಿನಿಂದ ಶುರುವಾಗಿದೆ.