ಕರಿಕೊಳದ ಜೌಗಿನಲ್ಲಿ ಟೂರ್‌ಗೈರ್

ಈ ಸಲ ಮಕ್ಕಳು ಅಳದೆ ಇಳಿದು ಬರಬೇಕು. ಇಳಿದು ಬಂದ ಮೇಲೆ ಟೂರ್‌ಗೈರ್‌ನ ಮುಖ ನೋಡಬೇಕು. ಬೆಟ್ಟದ ಮೇಲಿನ ಕರಿಕೊಳದ ಚಾರಣಕ್ಕೆ ಸಿಗ್ರುನ್ ಇಟ್ಟುಕೊಂಡಿದ್ದ ಗುರಿ ಇವೆರಡೇ. ಎರಡರಲ್ಲಿ ಯಾವುದು ದೊಡ್ಡದೆಂದು ಕೇಳಿದ್ದರೆ ಅವಳು ಮಾತು ಮರೆಸುತ್ತಿದ್ದಳು.

ಟೂರ್‌ಗೈರ್ ಅವಳ ಗಂಡನ ಅಣ್ಣ. ಗಂಡ ಸಮುದ್ರದ ನಡುವಿನ ಎಣ್ಣೆ ಬಾವಿಯಲ್ಲಿ ದುಡಿಯುವವನು, ಶರತ್ಕಾಲದ ರಜೆಗೆ ಮನೆಯಲ್ಲಿ ಸಿಗುವವನಲ್ಲ. ಹೋದ ವರ್ಷ ಆ ರಜೆಯಲ್ಲಿ ಅವಳೊಬ್ಬಳೇ ಮಗ ಎಸ್ಪೆನ್‌ನನ್ನೂ ಪುಟ್ಟ ಮಗಳು ಯೂನಿಯನ್ನೂ ಕರೆದುಕೊಂಡು ಹೋಗಿ ಕೊಳದ ದಡದಲ್ಲಿ ಡೇರೆ ಹಾಕಿದ್ದಳು. ಊಟವಿತ್ತು, ಉಣ್ಣೆಬಟ್ಟೆಯಿತ್ತು, ದೀಪ ಮಾತ್ರ ಇರಲಿಲ್ಲ. ಅವಳು ಹುಟ್ಟಿ ಬೆಳೆದದ್ದು ಉತ್ತರದ ತುದಿಯ ಹಾಮರ್‌ಫೆಸ್ಟಿನಲ್ಲಿ. ಅಲ್ಲಿ ಡೇರೆಯ ದಿನಗಳೆಂದರೆ ಸೂರ್ಯ ಮುಳುಗದ ದಿನಗಳು. ಅಲ್ಲಿಯವರ ಚೀಲದಲ್ಲಿ ನಿದ್ದೆಗೆಂದು ಕಣ್ಣಿಗೆ ಕಟ್ಟಿಕೊಳ್ಳುವ ಬಟ್ಟೆ ಇರುತ್ತದೆಯೇ ಹೊರತು ದೀಪ ಇರುವುದಿಲ್ಲ. ಈ ದಕ್ಷಿಣದ ಬೆಟ್ಟದಲ್ಲಿ ಅಕ್ಟೋಬರಿನ ಕತ್ತಲು ಒಮ್ಮೆಲೇ ಕವುಚಿ ಬಿತ್ತು. ಫೋನು ಚಳಿಗೆ ಸತ್ತಿತು. ಎಸ್ಪೆನ್ ಕಿರುಚಿ ಕಿರುಚಿ ದನಿ ಕಳೆದುಕೊಂಡ. ಫೋನು ಸಿಗದೆ ಗಾಬರಿಯಾದ ಅತ್ತೆ ಬೋರ್ಘಿಲ್ ದೊಡ್ಡ ಮಗ ಟೂರ್‌ಗೈರ್‌ನನ್ನು ಅಟ್ಟಿದ್ದಳು. ಅವನು ಹುಡುಗನನ್ನು ಹೆಗಲ ಮೇಲೆ ಹೊತ್ತು ಇಳಿಸಿದ. ಆಮೇಲೆ ಆ ಕತೆಯನ್ನು ಅವನು ಹೇಳದ ಮನೆಯೇ ಉಳಿಯಲಿಲ್ಲ.

"ಇನ್ಮೇಲೆ ಮಕ್ಕಳನ್ನ ಬೆಟ್ಟಕ್ಕೆ ನಾನೇ ಕರ್ಕೊಂಡ್ಹೋಗ್ತೀನಿ. ಸಿಗ್ರುನ್ ಮನೇಲಿ ಕೂತು ಕಾಲ್ಚೀಲ ಹೆಣೀಲಿ," ಎಂದಿದ್ದ ಕ್ರಿಸ್‌ಮಸ್ ಊಟದಲ್ಲಿ. ಮೇಜಿನ ಸುತ್ತ ಇದ್ದವರೆಲ್ಲ ನಕ್ಕಿದ್ದರು. ಅತ್ತೆಯೂ.

"ಇನ್ನೊಂದು ರಾತ್ರಿ ಕೊಡು," ಎಂದಿದ್ದಳು ಸಿಗ್ರುನ್. "ಅದೇ ಕೊಳ, ಅದೇ ಮಕ್ಕಳು. ನೀನೂ ಬಾ, ಕಣ್ಣಾರೆ ನೋಡು. ಮಕ್ಕಳು ಅತ್ಕೊಂಡು ಇಳಿದ್ರೆ ರಜೆಯೆಲ್ಲಾ ನಿಂದೇ."

ಅಂದಿನಿಂದ ಅವಳು ಒಂದೊಂದು ಸಾಮಾನನ್ನೂ ಹಗೆ ಸಾಧಿಸುವವಳಂತೆ ಆರಿಸಿದಳು. ಅಂಗಡಿಯಿಂದ ತಂದ ಲಾಂದ್ರಗಳನ್ನು ಸ್ನಾನದ ಕೋಣೆಗೆ ಒಯ್ದು, ಬಾಗಿಲು ಮುಚ್ಚಿ, ಮಕ್ಕಳೊಡನೆ ಕತ್ತಲಲ್ಲಿ ಕೂತಳು. ಬಿಳಿ ಬೆಳಕಿನದಕ್ಕೆ ಎಸ್ಪೆನ್ ಮುಖ ಮುಚ್ಚಿಕೊಂಡ, ಅದು ವಾಪಸು ಹೋಯಿತು. ಚಳಿಯಲ್ಲಿ ಚಾರ್ಜ್ ನಿಲ್ಲದ್ದು ಹೋಯಿತು. ಗ್ಯಾಸಿನದನ್ನು ಅವಳು ಮುಟ್ಟಲೇ ಇಲ್ಲ, ಡೇರೆಯೊಳಗೆ ಉರಿ ಇರಕೂಡದು. ಉಳಿದವನ್ನು ಯೂನಿ ಮಹಡಿ ಮೆಟ್ಟಿಲ ಮೇಲಿಂದ ಸಂತೋಷವಾಗಿ ಉರುಳಿಸಿದಳು. ಒಡೆಯದೆ ಉಳಿದದ್ದು ಒಂದೇ ಬಗೆ: ಜೇನಿನ ಬಣ್ಣದ ಬೆಳಕು, ಮಾಮೂಲಿ ಸೆಲ್ಲು, ಕೈಗವಸು ಹಾಕಿಕೊಂಡೇ ಒತ್ತಬಹುದಾದ ದಪ್ಪ ಗುಂಡಿ. ಅಂಥದ್ದೇ ಎರಡು ತಂದಳು, ಮಕ್ಕಳಿಗೆ ಒಂದೊಂದು.

"ಇದು ನಿಂದು. ಹಚ್ಚೋನೂ ನೀನೇ, ಆರಿಸೋನೂ ನೀನೇ," ಎಂದಳು ಮಗನಿಗೆ.

"ರಾತ್ರಿಯೆಲ್ಲಾ ಹಚ್ಚಿಟ್ರೆ?"

"ಹಚ್ಚಿಡು. ಸೆಲ್ಲಿನ ಮೂಟೆನೇ ತಂದಿದೀನಿ."

ಮಲಗಲು ಗಾಳಿ ತುಂಬುವ ಹಾಸಿಗೆ ಬೇಡವೆಂದು ಉದ್ದನೆಯ ಫೋಮ್ ಚಾಪೆಗಳನ್ನು ಕೊಂಡಳು. ಮಕ್ಕಳು ಕುಣಿದರೂ ತೂತು ಬೀಳುವಂತಿಲ್ಲ.

ಹೊರಟ ದಿನ ಟೂರ್‌ಗೈರ್ ಅವನ್ನು ನೋಡಿ ನಕ್ಕ. "ಇದೇನು, ನಮ್ಮಜ್ಜಿ ಕಾಲದ್ದಾ? ಆ ಮಿಣುಕು ದೀಪಗಳೋ! ಇದನ್ನ ನೋಡು." ಅವನ ಹಣೆಯ ಮೇಲೆ ಹೊಸ ಹೆಡ್‌ಲ್ಯಾಂಪ್ ಇತ್ತು. "ಎದುರು ಗುಡ್ಡದ ಕುರಿ ಕಾಣ್ಸುತ್ತೆ."

"ಕುರಿ ನೋಡೋಕೆ ಹೊರಟಿದ್ದೀಯಾ?" ಎಂದಳು ಸಿಗ್ರುನ್, ಚೀಲದ ಪಟ್ಟಿ ಬಿಗಿಯುತ್ತ.

ಕುಳ್ಳ ಬರ್ಚ್ ಮರಗಳು ಹಳದಿಗೆ ತಿರುಗಿದ್ದವು. ಅವುಗಳಾಚೆ ಬೋಳು ಬೆಟ್ಟ ಕೆಂಪು ಕಂದು ಬಣ್ಣಗಳಲ್ಲಿ ಉದ್ದಕ್ಕೆ ಬಿದ್ದುಕೊಂಡಿತ್ತು. ಕಲ್ಲುಗಳ ಮೇಲೆ ಬೂದು ಪಾಚಿ, ಕಲ್ಲಿನ ಸಂದಿಯಲ್ಲಿ ಹಿಮ ತಿಂದು ಸಿಹಿಯಾದ ಲಿಂಗನ್ ಎಂಬ ಪುಟ್ಟ ಕೆಂಪು ಹಣ್ಣು. ಮಕ್ಕಳು ತಮ್ಮ ತಮ್ಮ ಪುಟ್ಟ ಚೀಲ ಹೊತ್ತು, ದಾರಿ ತೋರಿಸುವ ಕೆಂಪು 'ಟಿ' ಗುರುತು ಕಂಡ ಕಲ್ಲಿಗೆಲ್ಲ ಓಡಿ ಕೈಯಿಟ್ಟು ಕೂಗುತ್ತಿದ್ದರು. ಯೂನಿ ಪ್ರತಿ ಹಣ್ಣಿನ ಪೊದೆಯ ಮುಂದೆ ಕೂತೇಬಿಡುತ್ತಿದ್ದಳು. ಟೂರ್‌ಗೈರ್ ಗಡಿಯಾರ ನೋಡಿ ನಿಟ್ಟುಸಿರು ಬಿಡುತ್ತಿದ್ದ. ಸಿಗ್ರುನ್ ಆ ಒಂದೊಂದು ನಿಟ್ಟುಸಿರನ್ನೂ ನೆನಪಿಟ್ಟುಕೊಂಡಳು.

ಕೊಳ ಇನ್ನೂ ದೂರವಿರುವಾಗಲೇ ಬೆಳಕು ಇಳಿಯಿತು. ಜೊತೆಗೆ ಬೆಟ್ಟದ ಮೇಲಿಂದ ಮಂಜು ಉರುಳಿ ಬಂತು. ಎಸ್ಪೆನ್ ಅಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದ.

ಟೂರ್‌ಗೈರ್ ಹೆಡ್‌ಲ್ಯಾಂಪ್ ಹಚ್ಚಿದ. ಎದುರಿಗೆ ಬಿಳಿ ಗೋಡೆ ಎದ್ದು ನಿಂತಿತು. ಅವನು ಬೆಳಕು ಹೆಚ್ಚಿಸಿದ, ಗೋಡೆ ಇನ್ನೂ ಬಿಳಿಯಾಯಿತು.

"ಮಂಜಲ್ಲಿ ಕಾರಿನ ದೊಡ್ಡ ಲೈಟ್ ಹಾಕ್ತಾರೇನೋ?" ಎಂದಳು ಸಿಗ್ರುನ್.

"ನಂಗೆ ಹೇಳ್ಕೊಡಬೇಡ. ಚಿಕ್ಕೋನಿಂದ ಬಂದಿರೋ ಜಾಗ ಇದು. ಜೌಗು ದಾಟಿದ್ರೆ ಕೊಳ. ನೀವು ನಿಧಾನಕ್ಕೆ ಬನ್ನಿ, ಅಷ್ಟರಲ್ಲಿ ನಾನು ಡೇರೆ ಹಾಕಿರ್ತೀನಿ."

ಅವನು ಮಂಜಿನೊಳಗೆ ಹೋದ.

ಮಕ್ಕಳು ಲಾಂದ್ರ ಹಚ್ಚಿದರು. ಅವರ ಕೈ ಇರುವುದೇ ದೊಡ್ಡವರ ಮೊಣಕಾಲೆತ್ತರದಲ್ಲಿ. ಜೇನು ಬಣ್ಣದ ಬೆಳಕು ಮಂಜಿಗೆ ಬಡಿಯದೆ ನೆಲದ ಮೇಲೆ ಹರಡಿತು. ಹುಲ್ಲು ಕಂಡಿತು, ಕಲ್ಲು ಕಂಡಿತು, ಕಲ್ಲಿನ ಮೇಲಿನ ಕೆಂಪು ಗುರುತೂ ಕಂಡಿತು.

"ಟಿ!" ಎಂದು ಎಸ್ಪೆನ್ ಕೂಗಿದ. ಕೈ ಬಿಟ್ಟು ಮುಂದಕ್ಕೆ ಓಡಿದ.

ಜೌಗಿನ ಮೇಲೆ ಹಾಸಿದ ಹಲಗೆದಾರಿಗೆ ಬಂದಾಗ ಕೂಗು ಕೇಳಿತು.

"ಸಿಗ್ರುನ್! ಸಿಗ್ರುನ್!"

ಹಲಗೆಯಿಂದ ಪಕ್ಕಕ್ಕೆ, ಮಂಜಿನಲ್ಲಿ, ಒಂದು ಬಿಳಿ ಬೆಳಕಿನ ಉಂಡೆ ತೂಗಾಡುತ್ತಿತ್ತು.

"ಸಿಕ್ಕಾಕೊಂಡಿದೀನಿ! ತೊಡೆವರೆಗೂ ಹೋಗಿದೆ! ಬೇಗ ಬಾ!"

ಸಿಗ್ರುನ್ ಆತುರಪಡಲಿಲ್ಲ. ಚೀಲ ಇಳಿಸಿದಳು. ಮಕ್ಕಳನ್ನು ಹಲಗೆಯ ಮೇಲೆ ಕೂರಿಸಿ, ಚಾಕೊಲೇಟ್ ಮುರಿದು ಕೊಟ್ಟಳು. ಎದೆಯೊಳಗೆ ಏನೋ ಬೆಚ್ಚಗೆ ಏಳುತ್ತಿತ್ತು. ಅದು ಮರುಕವಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಎಸ್ಪೆನ್, ನಾನು ದೊಡ್ಡಪ್ಪನ್ನ ಎಳ್ಕೊಂಡು ಬರ್ಬೇಕು. ವಾಪಸ್ ಬರೋಕೆ ನಂಗೆ ದಾರಿ ಕಾಣಲ್ಲ. ನೀನು ಇಲ್ಲೇ ದೀಪ ಹಿಡ್ಕೊಂಡು ಕೂಗ್ತಾ ಇರ್ಬೇಕು. ಆಗುತ್ತಾ?"

ಹುಡುಗ ಕತ್ತಲನ್ನು ನೋಡಿದ, ತನ್ನ ಲಾಂದ್ರವನ್ನು ನೋಡಿದ, ತಂಗಿಯ ಟೋಪಿ ಹಿಡಿದುಕೊಂಡ.

"ಏನಂತ ಕೂಗ್ಲಿ?"

"ಏನಾದ್ರೂ ಕೂಗು."

ಅವಳು ಫೋಮ್ ಚಾಪೆಗಳನ್ನು ಜೌಗಿನ ಮೇಲೆ ಒಂದರ ಮುಂದೊಂದು ಎಸೆದು, ಹೊಟ್ಟೆಯ ಮೇಲೆ ತೆವಳಿದಳು.

ಕೆಳಗೆ ನೆಲ ಹಾಲಿನ ಕೆನೆಯಂತೆ ಅಲುಗಿತು.

ಚಾಪೆ ತಡೆಯಿತು.

ಹಿಂದಿನಿಂದ ಎಸ್ಪೆನ್‌ನ ದನಿ: "ಇಲ್ಲಿದೀವಿ! ಚಾಕಲೇಟ್ ಇದೆ! ಇಲ್ಲಿದೀವಿ!"

ಬಿಳಿ ಬೆಳಕು ಅವಳ ಕಣ್ಣಿಗೆ ಚುಚ್ಚಿತು. ಅವಳು ಅಲ್ಲೇ ತೆವಳುವುದು ನಿಲ್ಲಿಸಿದಳು, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ.

"ಮೊದ್ಲು ಅದನ್ನ ಆರಿಸು."

"ಹುಚ್ಚಾ ನಿಂಗೆ? ಎಳಿ!"

"ಆರಿಸು ಟೂರ್‌ಗೈರ್. ಕುರಿಗಳೆಲ್ಲ ಎದ್ಬಿಡ್ತವೆ."

ದೀಪ ಆರಿತು. ಕತ್ತಲಲ್ಲಿ ಅವನ ಹಲ್ಲು ಕಟಕಟಿಸುವುದು ಕೇಳಿತು.

"ಇನ್ನೊಂದು ಮಾತು. ಈ ಕತೆನ ನಿಮ್ಮಮ್ಮನ ಮುಂದೆ ನೀನೇ ಹೇಳ್ಬೇಕು. ಪೂರ್ತಿ. ಕಿರುಚಿದ್ದೂ ಸೇರಿಸಿ."

"ನಾನೆಲ್ಲಿ ಕಿರುಚ್ದೆ?"

ಅವಳು ಚಾಪೆಯ ಮೇಲೆ ಆರಾಮಾಗಿ ಗಲ್ಲ ಊರಿ ಮಲಗಿದಳು.

"ಕಿರುಚ್ದೆ! ಕಿರುಚ್ದೆ ಕಣೇ! ಹೇಳ್ತೀನಿ, ಎಳಿ!"

ಅವನ ಬೆನ್ನಿನ ಚೀಲದಿಂದ ಡೇರೆಯ ಹಗ್ಗ ತೆಗೆದು, ಅವನ ಕಂಕುಳಿಗೆ ಸುತ್ತಿ ಎಳೆದಳು. ಜೌಗು ಒಮ್ಮೆ ಹೀರಿತು, ಮತ್ತೆ ಹೀರಿತು, ಕೊನೆಗೆ ಕಕ್ಕಿತು. ಅವನ ಒಂದು ಬೂಟು ಅಲ್ಲೇ ಉಳಿಯಿತು. ಮಗನ ದನಿಯ ಜಾಡು ಹಿಡಿದು, ಜೇನು ಬಣ್ಣದ ಚುಕ್ಕಿಯ ಕಡೆಗೆ ಇಬ್ಬರೂ ತೆವಳಿದರು. ಎಸ್ಪೆನ್‌ನ ಗಂಟಲು ಒಡೆದಿತ್ತು. ಕೆನ್ನೆ ಮಾತ್ರ ಒಣಗಿತ್ತು.

ಡೇರೆ ಹಾಕಿದ್ದು ಸಿಗ್ರುನ್. ಟೂರ್‌ಗೈರ್ ಒದ್ದೆ ಬಟ್ಟೆ ಕಳಚಿ, ತನ್ನದೂ ನೆನೆದಿದ್ದರಿಂದ ಅವಳ ಮಲಗುಚೀಲದೊಳಗೆ ಸೇರಿ ನಡುಗಿದ. ಅವಳು ಕೋಟುಗಳನ್ನೆಲ್ಲ ಹೊದ್ದು ಮಕ್ಕಳ ನಡುವೆ ಮಲಗಿದಳು. ಚಳಿಗೆ ಅವಳಿಗೆ ನಿದ್ದೆ ಬರಲಿಲ್ಲ. ಮಕ್ಕಳಿಬ್ಬರೂ ಎದ್ದದ್ದು ಬಿಸಿಲು ಬಿದ್ದ ಮೇಲೆಯೇ.

ಇಳಿದು ಬಂದ ದಿನ ಬೋರ್ಘಿಲ್ ಕುರಿಮಾಂಸ, ಎಲೆಕೋಸು ಬೇಯಿಸಿದ್ದಳು. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಬಂದ ಮಗನನ್ನು ಅವಳು ಬಾಗಿಲಲ್ಲೇ ನಿಲ್ಲಿಸಿ ನೋಡಿದಳು.

"ಮಕ್ಕಳು ಅತ್ರಾ?"

"ಇಲ್ಲ," ಎಂದ ಟೂರ್‌ಗೈರ್.

ಊಟಕ್ಕೆ ಕೂತ ಮೇಲೆ, ತಟ್ಟೆ ನೋಡಿಕೊಂಡೇ, ಅವನು ಹೇಳಿದ. ಮಂಜು, ಜೌಗು, ತೊಡೆವರೆಗಿನ ಕೆಸರು, ಕಿರುಚಿದ್ದು. ಎಸ್ಪೆನ್ ಅಲ್ಲಲ್ಲಿ ತಿದ್ದಿದ. ಬೋರ್ಘಿಲ್ ಮೊದಲು ತುಟಿ ಕಚ್ಚಿಕೊಂಡಳು, ಆಮೇಲೆ ಕರವಸ್ತ್ರಕ್ಕೆ ಮುಖ ಒತ್ತಿದಳು. ನಗೆ ತಡೆದು ತಡೆದು ಅವಳ ಭುಜ ಕುಲುಕುತ್ತಿತ್ತು.

"ಹಾಗಾದ್ರೆ ರಜೆ ಅವಳದೇ," ಎಂದಳು ಕೊನೆಗೆ.

ಆಲೂಗಡ್ಡೆಯ ಪಾತ್ರೆ ಹಿಡಿದು ಸಿಗ್ರುನ್ ಅಡುಗೆಮನೆಯಿಂದ ಬಂದಳು. ಎಲ್ಲರಿಗೂ ಬಡಿಸಿದಳು, ಟೂರ್‌ಗೈರ್‌ಗೆ ಒಂದು ಹೆಚ್ಚಾಗಿಯೇ ಬಡಿಸಿದಳು. ಕುರ್ಚಿ ಎಳೆದುಕೊಂಡು, ಮೊಣಕೈ ಮೇಜಿಗೂರಿ, ಅವನತ್ತ ತಿರುಗಿದಳು.

"ನಾನು ಒಳಗಿದ್ದೆ, ನಡುವಿನದು ಕೇಳಿಸ್ಲಿಲ್ಲ. ಮೊದಲಿಂದ ಇನ್ನೊಂದ್ಸಲ ಹೇಳು."